ಗಂಟೆ ಮುಗಿದವರು

ಉಪ್ಪಳದ ಕೈಕಂಬದಲ್ಲಿ ರಾತ್ರಿ ಒಂದೂ ಐವತ್ತಕ್ಕೆ
ಹಾರ್ನ್ ಹಾಕದೆ ಎರಡು ಸಲ ದೀಪ ಮಿಣುಕಿಸುತ್ತಾನೆ ಮೋನಪ್ಪಣ್ಣ.
ಹಾಕಿದರೆ ನನ್ನ ಮಗಳು ಏಳುತ್ತಾಳೆಂದು ಅವನಿಗೆ ಗೊತ್ತು.

ತಲಪಾಡಿ ಟೋಲಿನ ಬೆಳಕಿನಲ್ಲಿ ತುಟಿಗೆ ಬಣ್ಣ,
ಕಂಪೆನಿ ಹೇಳಿದ ನಂಬರಿನದ್ದೇ.
ರೇಷನ್ ಕಾರ್ಡು ಮಲಯಾಳದ್ದು, ರೋಸ್ಟರ್ ಇಂಗ್ಲಿಷಿನದ್ದು.
ಅದರಲ್ಲಿ ನನ್ನ ಹೆಸರಿನೆದುರು ಒಂಬತ್ತು ಗಂಟೆ.
ಒಂಬತ್ತನ್ನು ಹನ್ನೆರಡು ಎಂದು ಓದಬೇಕು,
ಮೊದಲ ವಾರವೇ ಕಲಿತೆ.

ನನ್ನ ಕೆಲಸ ತೂಕ ಹಾಕುವುದು, ತಕ್ಕಡಿಯಿಲ್ಲದೆ.
ಕುಂಬಳೆಯಿಂದ ದುಬಾಯಿಗೆ ಹೊರಟ ಕುಚ್ಚಲಕ್ಕಿ,
ಟೇಪು ಸುತ್ತಿದ ಮೀನಿನ ಉಪ್ಪಿನಕಾಯಿ,
ಗಾಜಿನಾಚೆ ತಿರುಗಿ ತಿರುಗಿ ನೋಡುವ ಹೆಂಗಸು,
ಎಲ್ಲರನ್ನೂ ಪುಸ್ತಕ ಹೇಳಿದ ಕಿಲೋಗೆ ಕೂಡಿಸುತ್ತೇನೆ.
ಮಡಿಲ ಕೂಸಿಗೆ ಹತ್ತು.

ಮೊನ್ನೆ ಕೆಂಜಾರಿನ ಗುಡ್ಡ ಮಂಜು ಹೊದ್ದು ಮಲಗಿತ್ತು.
ಅದಾದರೂ ಮಲಗಲಿ, ಎಂದಳು ಕೌಂಟರಿನ ಜುಬೈದಾ,
ಚಪ್ಪಲಿಯಿಂದ ಒಂದು ಕಾಲು ಹೊರಗಿಟ್ಟು.
ಮಂಜು ಎದ್ದಾಗ ಎಂಟೂವರೆ.
ಆಮೇಲೆ ಒಂದು ಚಕ್ರಕ್ಕೆ ಗಾಳಿ ಸಾಲದು,
ಆಮೇಲೆ ಯಾವುದೋ ಕಾಗದ.
ಮಧ್ಯಾಹ್ನ ಕ್ಯಾಪ್ಟನ್ ಟೋಪಿ ಕೈಯಲ್ಲಿ ಹಿಡಿದು ಬಂದರು:
ಕ್ಷಮಿಸಿ, ನನ್ನ ಗಂಟೆ ಮುಗಿಯಿತು.

ಯಾರೂ ಗದರಲಿಲ್ಲ.
ಗದರಲೂ ಬಾರದು, ನಿದ್ದೆಗೆಟ್ಟ ಕೈಗೆ
ನೂರೆಂಬತ್ತು ಜೀವ ಯಾರು ಕೊಡುತ್ತಾರೆ?
ಅವರು ಹೋಟೆಲಿಗೆ ಹೋದರು.
ಬಂದದ್ದು ನನಗಿಂತ ಮೂರು ಗಂಟೆ ತಡವಾಗಿ.

ಹೊಸ ಕ್ಯಾಪ್ಟನ್, ಕೆನ್ನೆಯಲ್ಲಿನ್ನೂ ಲೋಷನ್ನಿನ ಪರಿಮಳ.
ಹೊಸ ಇಂಧನ, ಹೊಸ ಹಾಳೆ.
ಲೆಕ್ಕಕ್ಕೆ ಹಳೆಯ ನಾನೇ.
ಹಿಂದಿನ ಗೂಡಿಗೆ ಸಾವಿರದ ಏಳುನೂರು ಬರೆಯುವಲ್ಲಿ
ಸಾವಿರದ ಎಪ್ಪತ್ತು ಬಿತ್ತು.
ಸೊನ್ನೆ ಒಂದು ಮನೆ ಹಿಂದೆ ಸರಿದು ಕೂತಿತ್ತು, ಅಷ್ಟೆ.
ವಾಕಿಯಲ್ಲಿ ಐವನ್ ಕ್ರಾಸ್ತಾ, ಬಿಸಿಲಿಗೆ ಒಡೆದ ದನಿ:
ಅಕ್ಕಾ, ಇಲ್ಲಿ ಇನ್ನೂ ಒಂದು ಗಾಡಿ ಪೆಟ್ಟಿಗೆ ಉಂಟಲ್ಲ,
ನಿಮ್ಮಲ್ಲಿ ಆಗಲೇ ತುಂಬಿತಾ?

ತಿದ್ದಿದೆ. ಸಹಿ ಬಿತ್ತು. ವಿಮಾನ ಏರಿತು.
ಅವನು ಹೇಳಲಿಲ್ಲ, ನಾನೂ ಇಲ್ಲ.
ಯಾವ ರಿಜಿಸ್ಟರಿನಲ್ಲೂ ಇಲ್ಲದ ಆ ಸೊನ್ನೆ
ಎರಡು ದಿನದಿಂದ ಅನ್ನದ ತಟ್ಟೆಯಲ್ಲಿ ಬಂದು ಕೂರುತ್ತದೆ.

ಸಂಜೆ ವಾಪಸು ಬರುವಾಗ
ಮುಖಕ್ಕೆ ನೀರ ಹನಿ ಸಿಡಿದು ಎಚ್ಚರವಾಯಿತು.
ಮೋನಪ್ಪಣ್ಣ ಸ್ಟಿಯರಿಂಗ್ ಒಂದು ಕೈಯಲ್ಲಿ ಹಿಡಿದು
ತಲೆಗೆ ಬಾಟಲಿ ಸುರಿದುಕೊಳ್ಳುತ್ತಿದ್ದಾನೆ.
ಹಿಂದೆ ಆರು ಮಂದಿ, ಆರು ಕುತ್ತಿಗೆ, ಆರೂ ದಿಕ್ಕಿಗೆ.
ನಿಮಗೆ ಎಷ್ಟು ಗಂಟೆಯಾಯಿತು ಅಣ್ಣ?
ಅವ ನಕ್ಕ: ಲೆಕ್ಕ ನಿನ್ನ ಕೆಲಸ ಅಲ್ವಾ ಮಾರಾಯ್ತಿ.

ಕುಂಜತ್ತೂರಿನಲ್ಲಿ ಗಾಡಿ ನಿಲ್ಲಿಸಲು ಹೇಳಿ
ಮುಂದಿನ ಸೀಟಿಗೆ ಬಂದು ಕೂತೆ.
ಬೂತಾಯಿಯ ರೇಟು, ಮಗಳ ಅಲುಗುವ ಹಲ್ಲು,
ಹೊಸ ಹೈವೇಯಲ್ಲಿ ಕಾಣೆಯಾದ ಹಳೆಯ ಹೋಟೆಲು,
ಬಾಯಿಗೆ ಬಂದದ್ದೆಲ್ಲ ಮಾತಾಡಿದೆ,
ಹೊಸಂಗಡಿ ದಾಟುವವರೆಗೆ, ಹೊಳೆಯ ಸೇತುವೆಯವರೆಗೆ,
ಅವನ ರೆಪ್ಪೆಯನ್ನೇ ನೋಡುತ್ತ.