ಲಾಭ, ಎರಡು, ಮೂರು

ಮೇ ತಿಂಗಳ ಪುಣೆ. ಹಡಪ್ಸರದ ಕಾಲೇಜೊಂದರ ನೆಲಮಾಳಿಗೆ.
ಇಪ್ಪತ್ತೆಂಟು ಮಂದಿ ಮಾಸ್ತರರು, ಕೊರಳಿಗೆ ಗುರುತಿನ ಚೀಟಿ,
ಬೆಂಚಿನಡಿ ಊಟದ ಡಬ್ಬಿ.
ರಜೆಯಲ್ಲಿ ಕರೆಸಿದ್ದಾರೆ, ಕಲಿಸುವುದನ್ನು ಕಲಿಯಿರಿ ಎಂದು.

ನನ್ನ ಪಕ್ಕಕ್ಕೆ ಬಾರಾಮತಿಯ ರಸಾಯನಶಾಸ್ತ್ರ.
ಹೆಸರು ತಾವರೆ. ಇಲ್ಲಿ ಎಲ್ಲರಿಗೂ ಅದು ಬರಿ ಅಡ್ಡಹೆಸರು,
ನನಗೊಬ್ಬಳಿಗೆ ಹೂವು.
ಎರಡೇ ಬೆರಳಲ್ಲಿ ಕೀಲಿಮಣೆ ಕುಟ್ಟುತ್ತಾರೆ,
ಶಾಸ್ತ್ರದ ಗಿಣಿ ಚೀಟಿ ಹೆಕ್ಕಿದ ಹಾಗೆ.
ನಾನೇನು ಕಮ್ಮಿ? ಇಪ್ಪತ್ತಾರು ವರ್ಷ ಉಷ್ಣಶಾಸ್ತ್ರ ಹೇಳಿದವಳು
ಒಂದು ಕಂಸ ಮುಚ್ಚದೆ ಬಿಟ್ಟು
ಮುಕ್ಕಾಲು ಗಂಟೆ ಕೆಂಪು ಅಕ್ಷರ ತಿಂದೆ.

ಕಲಿಸುವವಳು ಮುಕ್ತಾ ಘೋಡ್ಕೆ. ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು.
"ಪಟ್ಟಿಯಲ್ಲಿ ಮೊದಲನೆಯದು ಸೊನ್ನೆ" ಅಂದಳು.
ತಾವರೆ ಕೈ ಎತ್ತಿದರು: ಮೊದಲನೆಯದು ಒಂದಲ್ಲವೇ?
ಹಿಂದೆ ಮತ್ತೂ ನಾಲ್ಕು ಕೈ.
ನಾನು ಎತ್ತಲಿಲ್ಲ.

ನಮ್ಮಪ್ಪ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಜೋಳ ಅಳೆಯುತ್ತಿದ್ದ.
ಅಫಜಲಪುರದಿಂದ ತಂದದ್ದು ಒಂದು ಕಂಬಳಿ, ಒಂದು ಎಣಿಸುವ ದನಿ.
ಮೊದಲ ಮಾಪಿಗೆ ಒಂದು ಅಂದವನೇ ಅಲ್ಲ.
ಲಾ...ಭ, ಅನ್ನುತ್ತಿದ್ದ. ಭ ಮುಗಿಯುವಷ್ಟರಲ್ಲಿ
ಕಾಳು ಚೀಲ ಸೇರಿರುತ್ತಿತ್ತು.
ಲಾಭ. ಎರಡು. ಮೂರು.

ಚಹಾದ ಹೊತ್ತಿಗೆ ಮುಕ್ತಾಳಿಗೆ ಇದನ್ನು ಹೇಳಿದೆ.
ಅವಳು ಯೋಚಿಸಿ, "ಆದರೆ ಮೇಡಂ, ನಮ್ಮಲ್ಲಿ ಎರಡನೆಯದು ಒಂದು" ಅಂದಳು.
ಹೌದಲ್ಲ. ಅಪ್ಪನ ಎಣಿಕೆ ಇಲ್ಲಿಗೆ ಪೂರಾ ಹೊಂದುವುದಿಲ್ಲ.
ಆದರೂ ಅವತ್ತಿನಿಂದ ಸೊನ್ನೆ ಒತ್ತುವಾಗೆಲ್ಲ
ತುಟಿ ಒಳಗೊಳಗೇ ಲಾಭ ಅನ್ನುತ್ತದೆ.

ಮೂರನೆಯ ದಿನ ಚಹಾ ಆರುವ ಲೆಕ್ಕ.
ಎಂಬತ್ತೈದು ಡಿಗ್ರಿಯ ಗ್ಲಾಸು, ಮೂವತ್ತರ ಕೋಣೆ.
ಕರಿಹಲಗೆಯ ಮೇಲೆ ಇದನ್ನು ನಿದ್ದೆಯಲ್ಲೂ ಬಿಡಿಸಬಲ್ಲೆ,
ಎಡಗೈಯಲ್ಲಿ ಡಸ್ಟರ್, ಬಲಗೈಯಲ್ಲಿ ಘಾತ,
ಕೊನೆಗೆ ಉತ್ತರದ ಸುತ್ತ ಒಂದು ಚೌಕ.
ಇಲ್ಲಿ ಹಾಗಲ್ಲ. ಹೆಜ್ಜೆ ಹೆಜ್ಜೆಯಾಗಿ ಆರಿಸಬೇಕು.
ಈಗ ಎಷ್ಟು ಬಿಸಿ, ಅದರಿಂದ ಮುಂದಕ್ಕೆ ಎಷ್ಟು, ಅಲ್ಲಿಂದ ಮತ್ತೆ.
ಅವಸರದವಳು ನಾನು. ಹೆಜ್ಜೆ ಅರ್ಧ ಗಂಟೆ ಅಂತ ಕೊಟ್ಟೆ.

ಮೊದಲ ಹೆಜ್ಜೆಗೆ ಚಹಾ ಎರಡೂವರೆ ಡಿಗ್ರಿ!
ಮೇ ತಿಂಗಳ ಪುಣೆಯಲ್ಲಿ, ಇನ್ನೇನು ಹೆಪ್ಪುಗಟ್ಟಬೇಕು.
ಎರಡನೆಯ ಹೆಜ್ಜೆಗೆ ತಂತಾನೇ ಕಾದು ನಲವತ್ತನಾಲ್ಕರ ಹತ್ತಿರ.
ಒಲೆಯಿಲ್ಲ, ಕೊಳ್ಳಿಯಿಲ್ಲ.
ತಾವರೆ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು.
ಕೆಂಪು ಅಕ್ಷರ ಈ ಸಲ ಒಂದೂ ಇಲ್ಲ. ಯಂತ್ರ ತಪ್ಪೆನ್ನಲಿಲ್ಲ,
ಹೇಳಿದ್ದನ್ನು ಮಾಡಿಟ್ಟಿತ್ತು
ನನ್ನ ಮೊದಲ ಬೆಂಚಿನ ಮಕ್ಕಳ ಹಾಗೆ.

ಹೆಜ್ಜೆ ಒಂದು ನಿಮಿಷಕ್ಕೆ ಇಳಿಸಿದೆ.
ಗೆರೆ ಮೆಲ್ಲಗೆ ಬಾಗಿತು, ಸುರಿದ ಜೋಳದ ರಾಶಿಯ ಇಳಿಜಾರು.
ಅಷ್ಟಕ್ಕೆ ಬಿಡದೆ ತಾವರೆ ಲ್ಯಾಬಿನಿಂದ ಥರ್ಮಾಮೀಟರ್ ತಂದು
ನಿಜದ ಗ್ಲಾಸಿಗೆ ಇಳಿಬಿಟ್ಟರು.
ಹತ್ತನೆಯ ನಿಮಿಷ: ಪರದೆ ಅರವತ್ಮೂರು, ಗ್ಲಾಸು ಐವತ್ತೆಂಟು.
ಫ್ಯಾನ್ ಇರಬಹುದು. ಕೆನೆ ಕಟ್ಟಿದ್ದಕ್ಕೆ? ಇಲ್ಲ, ಮೇಡಂ ಊದಿದರು, ನಾನೇ ನೋಡಿದೆ.
ಐದು ಡಿಗ್ರಿಗಾಗಿ ಊಟದ ಹೊತ್ತು ಮೀರುವ ತನಕ ಜಗಳ,
ಮರಾಠಿಯಲ್ಲಿ, ನಡುನಡುವೆ ನಾನು ಕನ್ನಡದಲ್ಲಿ ಬೈದದ್ದೂ ಉಂಟು.
ಇಪ್ಪತ್ತಾರು ವರ್ಷದಲ್ಲಿ ನನ್ನ ಚೌಕದೊಳಗಿನ ಉತ್ತರದ ಜೊತೆ
ಯಾರೂ ಜಗಳಕ್ಕೆ ನಿಂತಿರಲಿಲ್ಲ.

ಜೂನಿಗೆ ಮತ್ತೆ ಭೋಸರಿ. ಅರವತ್ತೆಂಟು ಮಕ್ಕಳು,
ಹತ್ತೊಂಬತ್ತು ಕಂಪ್ಯೂಟರು, ಅದರಲ್ಲಿ ನಾಲ್ಕು ಕೆಟ್ಟವು.
ಪಠ್ಯಕ್ರಮದಲ್ಲಿ ಇದಕ್ಕೆ ಅಂಕವಿಲ್ಲ. ಪ್ರಿನ್ಸಿಪಾಲರಿಗೆ ಫೋಟೊ ಬೇಕು.
ಡೈರಿಯಲ್ಲಿ ಮೊದಲ ತಾಸಿಗೆ ಬರೆದುಕೊಂಡಿದ್ದೇನೆ:
ಹೆಜ್ಜೆ ಎಷ್ಟು ಅಂತ ಹೇಳಿಕೊಡಬೇಡ.
ಅವರ ಚಹಾ ಹೆಪ್ಪುಗಟ್ಟಲಿ.
ಆಮೇಲೆ ಗ್ಲಾಸು ತರಿಸು.