ಇಲ್ಲದ ಗೆಣ್ಣು

ಕುಮಟೆಯ ಮೀನುಪೇಟೆ, ಬೆಳಗಿನ ಒಂಬತ್ತು.
ತೂಕ ಅಳತೆ ಇಲಾಖೆಯ ಮೊಹರು ಚೀಲದಲ್ಲಿಟ್ಟು
ಸಾಲು ಹಿಡಿದು ಬಂದೆ:
ಸವೆದ ಬಟ್ಟು, ತುಕ್ಕು ತಕ್ಕಡಿ, ದಂಡದ ರಸೀದಿ.
ಕೊನೆಗೆ ಬುದವಂತಿ ಅಂಬಿಗ, ಐಗಳಕುರ್ವೆಯವಳು.
ಗೋಣಿಯ ಮೇಲೆ ಬಳಚಿನ ರಾಶಿ, ಇನ್ನೂ ಕೆಸರು ಉಗುಳುತ್ತಿದೆ.
ತಕ್ಕಡಿ ಎಲ್ಲಿ? ಅಂದೆ.
ಎಡಗೈ ಎತ್ತಿ ತೋರಿಸಿದಳು.

ಬಲಗೈ ಬುಟ್ಟಿಗೆ ಎಸೆಯುತ್ತದೆ, ಟಕ್ ಟಕ್.
ಎಡಗೈಯ ಹೆಬ್ಬೆರಳು ಮಾತ್ರ ನಡೆಯುತ್ತದೆ
ಕಿರುಬೆರಳ ಬುಡದಿಂದ ಮೂರು ಮೆಟ್ಟಿಲು,
ಪಕ್ಕದ ಬೆರಳಿಗೆ ದಾಟಿ ಮತ್ತೆ ಮೂರು.
ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು.
ಹನ್ನೆರಡಾದಾಗೊಮ್ಮೆ ಒಂದು ಖಾಲಿ ಚಿಪ್ಪು ಬದಿಗೆ;
ಖಾಲಿ ಚಿಪ್ಪು ಐದಾದರೆ ಅರವತ್ತು.
ನಡುವೆ ಗಿರಾಕಿಯ ಜೊತೆ ಜಗಳ, ಎಲೆಯಡಿಕೆ, ನಾಯಿಗೆ ಹಚಾ.
ಹೆಬ್ಬೆರಳಿಗೆ ಅದು ಯಾವುದೂ ಕೇಳಿಸದು.

ಹತ್ತರ ಲೆಕ್ಕ ಇಡಬಾರದೇ?
"ಹೊಳೆಗೆ ಇಳಿಯೋದು ಮೂರು ಜನ ಒಡೆಯಾ,
ಹತ್ತನ್ನ ಮೂರು ಪಾಲು ಮಾಡಿ ನೀವೇ ಕೊಡಿ ನೋಡ್ವ.
ಒಂದು ಬಳಚಿಗೆ ಮೂವರೂ ಮಾತು ಬಿಡಬೇಕಾ?
ಹನ್ನೆರಡಾದ್ರೆ ಇಬ್ಬರಿದ್ರೂ ಸೈ, ಮೂವರಿದ್ರೂ ಸೈ,
ನಾದಿನಿ ಬಂದು ನಾಲ್ವರಾದ್ರೂ ಸೈ."

ಅಪ್ಪ ಶಾಲೆಯಲ್ಲಿ ಕಲಿತದ್ದು ನನಗೂ ಬಾಯಿಪಾಠ:
ಹನ್ನೆರಡು ಪೈಗೆ ಒಂದಾಣೆ, ಹನ್ನೆರಡಂಗುಲಕ್ಕೆ ಒಂದಡಿ.
ಆಣೆ ಹೋಯಿತು. ಅಡಿಯೂ ಹೋಯಿತೆಂದು ಇಲಾಖೆ ಹೇಳುತ್ತದೆ,
ಹೇಳಿದ ಸಾಹೇಬರೇ ಸೈಟನ್ನು ಅಡಿಯಲ್ಲಿ ಅಳೆಯುತ್ತಾರೆ.
ಬಾಳೆಹಣ್ಣು ಡಜನ್ನಿನಲ್ಲಿ ಉಳಿಯಿತು, ಮೊಟ್ಟೆಯೂ.
ಮತ್ತೆ ಈ ಕೈ.

ಆಗ ಕಂಡೆ: ತೋರುಬೆರಳಿಗೆ ತುದಿ ಇಲ್ಲ.
ಚಿಪ್ಪು ಕೊಯ್ದು, ಕೀವಾಗಿ,
ಮದುವೆಗೂ ಮುಂಚೆ ಆಸ್ಪತ್ರೆಯಲ್ಲಿ ತೆಗೆದರಂತೆ.
ನನ್ನ ಸರಕಾರಿ ತಲೆ ಕೂಡಲೇ ಕೂಡಿಸಿತು,
ಅಲ್ಲ, ಕಳೆಯಿತು: ಹನ್ನೊಂದು.
ಡಜನ್ನಿಗೆ ಒಂದು ಕಡಿಮೆ, ಅರವತ್ತಕ್ಕೆ ಐದು,
ಎಷ್ಟು ವರ್ಷದಿಂದ?
ಬುಟ್ಟಿ ಮಗುಚಿಸಿದೆ. ಒದ್ದೆ ಸಿಮೆಂಟಿನ ಮೇಲೆ ಕೂತು,
ಪ್ಯಾಂಟು ನೆನೆಸಿಕೊಂಡು,
ಹತ್ತು ಹತ್ತರ ಗುಂಪು ಮಾಡಿದೆ.
ಆರು ಗುಂಪು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಎಣಿಸಿ ತೋರಿಸು ಅಂದೆ, ಮೆಲ್ಲಗೆ.
ಒಂಬತ್ತು, ಹತ್ತು, ಹನ್ನೊಂದು,
ಆಮೇಲೆ ಹೆಬ್ಬೆರಳು ಮೊಂಡು ಬೆರಳಿನಾಚೆಗೆ ಚಾಚಿ
ಬರಿ ಗಾಳಿಯನ್ನು ಒತ್ತಿತು,
ಉಗುರಿರಬೇಕಾದ ಜಾಗದಲ್ಲಿ.
ಹನ್ನೆರಡು.

"ಬೆರಳು ಹೋದದ್ದು ನಂದು," ಅಂದಳು, "ಗಿರಾಕೀದಲ್ಲ."

ಮೊಹರು ಚೀಲದಲ್ಲೇ ಇತ್ತು. ಎಲ್ಲಿ ಒತ್ತಲಿ ಅದನ್ನು?
ಅರವತ್ತು ಬಳಚು ಕಟ್ಟಿಸಿಕೊಂಡೆ.
ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ.