ಜಾಮ್ ಡಬ್ಬಿಯ ಮುಚ್ಚಳಗಳು

ಪೋರ್ಟ್ ಕೆಂಬ್ಲಾದ ಈ ಏರುದಾರಿಯಲ್ಲಿ
ಗಾಡಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡಬೇಕು.
ಏಣಿ ಇಳಿಸಿದೆ, ಟಾರ್ಚು, ಉದ್ದನೆಯ ಸ್ಕ್ರೂಡ್ರೈವರು,
ಜೇಬಿನಲ್ಲಿ ಮಗನ ಒಂದು ಗೋಲಿ:
ನೆಲದ ವಾಟ ನೋಡಲು ಅದಕ್ಕಿಂತ ಪ್ರಾಮಾಣಿಕ ಯಂತ್ರ
ನನಗಿನ್ನೂ ಸಿಕ್ಕಿಲ್ಲ.

ಲ್ಯುಪ್ಕಾ ಗೇಟಿನಾಚೆಯೇ ನಿಂತಳು.
ಕೊಂಡು ಮೂವತ್ತೊಂದು ವರ್ಷ,
ಒಂದು ರಾತ್ರಿಯೂ ಇಲ್ಲಿ ಮಲಗಿದವಳಲ್ಲ.
ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ದುಡಿದು
ಇದನ್ನು ಕೊಂಡ ದಿನ, 'ಮುದಿಪ್ರಾಯಕ್ಕೆ ನಮ್ಮ ಹಸು' ಎಂದನಂತೆ.
ಬಿತೋಲಾ ಕಡೆಯ ಹಳ್ಳಿಯವನು,
ಹಾಲು ಕೊಡುವುದನ್ನಷ್ಟೇ ಆಸ್ತಿ ಎನ್ನುತ್ತಿದ್ದ.
'ಹಸು ಗೊಡ್ಡು ಬಿದ್ದಿದೆ. ರಿಪೇರಿಯೋ, ಕೆಡವುವುದೋ,
ಒಂದೇ ಮಾತು ಹೇಳಿಬಿಡು.'

ಗೋಡೆಯನ್ನು ಕಲ್ಲಂಗಡಿ ತಟ್ಟಿದ ಹಾಗೆ ತಟ್ಟಿದೆ.
ಕಲ್ನಾರಿನ ಹಲಗೆ. ಮುಟ್ಟದಿದ್ದರೆ ಸಾಧು,
ಕೊರೆದರೆ ಉಸಿರಿಗೇ ಬರುತ್ತದೆ.
ಅಂದರೆ ಕೆಡವಲೂ ದುಡ್ಡು, ಉಳಿಸಲೂ ದುಡ್ಡು,
ಸುಮ್ಮನಿರುವುದು ಮಾತ್ರ ಪುಕ್ಕಟೆ.

ಅಡುಗೆಮನೆಯಲ್ಲಿ ಗೋಲಿ ಬಿಟ್ಟೆ.
ಅದು ಕೊಂಚ ಯೋಚಿಸಿ
ಒಲೆಯ ಕಡೆ ಎರಡು ಗೇಣು ಉರುಳಿ
ನಿಂತುಬಿಟ್ಟಿತು.
ನಿಲ್ಲಬಾರದಿತ್ತು.
ಗೆದ್ದಲು ತಿಂದ ತೊಲೆಗಳ ಲೆಕ್ಕದಲ್ಲಿ
ಹಿತ್ತಲ ಬಾಗಿಲು ದಾಟಿ ಸಮುದ್ರ ಸೇರಬೇಕಿತ್ತು.

ಹೊಟ್ಟೆಯ ಮೇಲೆ ತೆವಳಿ ನೆಲದಡಿಗೆ ಹೋದೆ.
ಟಾರ್ಚಿಗೆ ಮೊದಲು ಸಿಕ್ಕಿದ್ದು ಒಂದು ಕೆಂಪು ಸ್ಟ್ರಾಬೆರಿ.
ಆಮೇಲೆ ಪ್ಲಮ್, ಏಪ್ರಿಕಾಟ್, ಮತ್ತೆ ಪ್ಲಮ್.
ಕುಸಿದ ಕಂಬದ ತಲೆಗೂ ತೊಲೆಗೂ ನಡುವೆ
ಜಾಮ್ ಡಬ್ಬಿಯ ಮುಚ್ಚಳಗಳು,
ಒಂದರ ಮೇಲೊಂದು, ಇಸ್ಪೀಟು ಜೋಡಿಸಿದ ಹಾಗೆ,
ಪ್ರತಿಯೊಂದರ ಮೇಲೂ ಮೊಳೆಯಲ್ಲಿ ಗೀಚಿದ ಇಸವಿ.

ಮೇಲೆ ಬಂದಾಗ ಮರ್ವಿನ್ ಚಹಾ ಹಿಡಿದು ನಿಂತಿದ್ದ.
ಬಂದರಿನಲ್ಲಿ ಕ್ರೇನ್ ನಡೆಸಿದವನು,
ಭಾರ ಯಾವ ಕಡೆ ವಾಲುತ್ತದೆಂದು
ಅದು ವಾಲುವ ಮೊದಲೇ ಬಲ್ಲ.
'ಹತ್ತೊಂಬತ್ತು,' ಅಂದೆ.
'ಇಪ್ಪತ್ತು. ಬಚ್ಚಲ ಕೆಳಗಿನದು ನಿನಗೆ ಕಂಡಿಲ್ಲ.'
'ಲ್ಯುಪ್ಕಾಗೆ ಹೇಳಿದ್ದೀಯಾ?'
'ಹೇಳಿದರೆ ರಿಪೇರಿ ಮಾಡಿಸುತ್ತಾಳೆ.
ಮಾಡಿಸಿದರೆ ಬಾಡಿಗೆ ಏರುತ್ತದೆ.'
ಅಷ್ಟು ಹೇಳಿ ಬಿಸ್ಕತ್ತು ಅದ್ದಿದ.
ಅದು ಮುರಿದು ಲೋಟದ ತಳ ಸೇರಿತು.

ತಾಮ್ರದ ಕಾರ್ಖಾನೆಯ ಚಿಮಣಿ ಉರುಳಿಸಿದ ದಿನ
ಊರಿಗೆ ಊರೇ ಮಡಚುವ ಕುರ್ಚಿ ಹೊತ್ತು ಗುಡ್ಡ ಹತ್ತಿತ್ತು.
ನಾನೂ ಹೋಗಿದ್ದೆ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು.
ಒಂದಷ್ಟು ಚಪ್ಪಾಳೆ.
ಆಮೇಲೆ ಧೂಳು ಕೂರುವವರೆಗೆ
ಯಾರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ.
ಕಟ್ಟಿ ನೋಡು ಅಂದವರುಂಟು.
ಕೆಡವಿ ನೋಡು ಅಂತ ಯಾರಾದರೂ ಅಂದಿದ್ದಾರೆಯೇ?
ಅದೇನು ಅಷ್ಟು ಸಲೀಸೇ?

ಗಾಡಿಯಲ್ಲಿ ಕೂತು ವರದಿ ತುಂಬಿದೆ.
ತಂತಿ: ಅಪಾಯ. ಕೊಳಾಯಿ: ಸಾಧಾರಣ.
ತೊಲೆ: ಅಪಾಯ ಎಂದು ಬರೆದೆ,
ಕೆಳಗೆ ಸಣ್ಣಕ್ಷರದಲ್ಲಿ: ತಾತ್ಕಾಲಿಕ ಆಸರೆಗಳಿವೆ.
ಗೀಚಿದ ಇಸವಿಗಳು ನೆನಪಾಗಿ
'ತಾತ್ಕಾಲಿಕ' ಹೊಡೆದುಹಾಕಿದೆ.
ಉಳಿದದ್ದು 'ಆಸರೆಗಳಿವೆ'.
ಇದಕ್ಕೆ ಎಷ್ಟು ಡಾಲರ್ ಅಂತ ಬರೆಯಲಿ?
ಯಾರ ಖಾತೆಗೆ?

ಲ್ಯುಪ್ಕಾ ಕಿಟಕಿ ತಟ್ಟಿದಳು. 'ಒಂದೇ ಮಾತು.'
ಜೇಬು ಮುಟ್ಟಿಕೊಂಡೆ.
'ಗೋಲಿ ಒಳಗೇ ಉಳಿಯಿತು,' ಅಂದೆ, 'ಒಲೆಯ ಹತ್ತಿರ.'
'ಇದೊಂದು ಬೇರೆ,' ಎಂದು ಗೊಣಗಿ
ಗೇಟು ತೆಗೆದಳು, ಮೆಟ್ಟಿಲು ಹತ್ತಿದಳು,
ತನ್ನದೇ ಮನೆಯ ಹೊಸಿಲಿನ ಮುಂದೆ
ಶೂ ಬಿಚ್ಚಲೋ ಬೇಡವೋ ಎಂದು
ಒಂದು ಕಾಲೆತ್ತಿ ನಿಂತಳು.